ಮಕ್ಕಳ ಸಂತೆಯಾದ ಮೇಲೆ

ಜೂನ್‌ನಿಂದ ದಸರಾ ರಜೆಯವರೆಗೆ ನನ್ನ ಮೂರನೇ ತರಗತಿ ಏನೇನು ಮಾಡಿತೆಂದು ತಾರೀಖಿನ ಸಮೇತ ಬರೆದಿಟ್ಟಿದ್ದೇನೆ. ಹೆಸರುಕಾಳು ಮೊಳಕೆ ಬರಿಸಿದೆವು. ಅಂಗಳದಲ್ಲಿ ನೆರಳು ಅಳೆದೆವು. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯವರು ಕೊಟ್ಟ ಮಿಕ್ಕ ಪತ್ರಿಕೆಗಳ ಹಿಂಬದಿಯಲ್ಲಿ ಅಕ್ಷರ ಬರೆದು ಪದ ಜೋಡಿಸಿದೆವು. ಇದ್ಯಾವುದರಲ್ಲೂ ಬಾಯಿಬಿಡದ ಹುಡುಗಿಯೊಬ್ಬಳಿದ್ದಳು. ಅವಳಪ್ಪ ಗವಿಪುರದಲ್ಲಿ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಾರೆ. ಸೆಪ್ಟೆಂಬರ್‌ನಲ್ಲಷ್ಟೇ ಅವಳು ಎರಡಕ್ಷರದ ಪದಗಳನ್ನು ಓದತೊಡಗಿದ್ದಳು.

ರಜೆಗೆ ಮುಂಚಿನ ಶನಿವಾರ ಶಾಲೆಯಲ್ಲಿ ಮಕ್ಕಳ ಸಂತೆ. ಮನೆಯಿಂದ ತಂದ ಸೊಪ್ಪು, ತರಕಾರಿಗಳನ್ನು ಮಕ್ಕಳೇ ಮಾರಬೇಕು, ಪೋಷಕರು ಕೊಳ್ಳಬೇಕು. ಅವತ್ತು ಅವಳ ದನಿ ಗೇಟಿನಾಚೆಗೂ ಕೇಳಿತು. "ಟೊಮೇಟೊ ಹಿಚುಕ್ಬೇಡಿ ಆಂಟಿ, ಮನೇಲಿ ಸಾರಿಗೆ ಹಾಕುವಾಗ ಹಿಚುಕಿ!" ಎಲ್ಲರಿಗಿಂತ ಮೊದಲು ಅವಳ ಬುಟ್ಟಿ ಖಾಲಿಯಾಯಿತು. ಅವಳಪ್ಪ ಮೂಲೆಯಲ್ಲಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ರಜೆ ಮುಗಿದರೂ ಅವಳು ಬರಲಿಲ್ಲ. ಎರಡು ವಾರ ಕಾದು ಹುಡುಕಿಕೊಂಡು ಹೋದೆ. ಗಾಡಿಯ ಹಿಂದೆ ಅವಳೇ ತಕ್ಕಡಿ ಹಿಡಿದಿದ್ದಳು.

"ಇಷ್ಟು ಚೆನ್ನಾಗಿ ವ್ಯಾಪಾರ ಮಾಡ್ತಾಳೆ ಅಂತ ಗೊತ್ತೇ ಇರ್ಲಿಲ್ಲ ಮಿಸ್," ಎಂದರು ಅವಳಪ್ಪ. "ಇವಳಮ್ಮನಿಗೂ ಕೈಲಾಗ್ತಿಲ್ಲ. ಇನ್ನೇನು ಕಲೀಬೇಕು ಹೇಳಿ?"

"ಅವಳಿಗೆ ಇನ್ನೂ ಸರಿಯಾಗಿ ಓದೋಕೇ ಬರಲ್ಲ," ಎಂದೆ.

"ಬೆಂಡೆಕಾಯಿ ಮೇಲೆ ಏನ್ ಬರೆದಿರುತ್ತೆ ಮಿಸ್, ಓದೋಕೆ?"

ಅವಳು ಕಿಲಕಿಲ ನಕ್ಕಳು. ತರಗತಿಯಲ್ಲಿ ಒಂದು ದಿನವೂ ಹಾಗೆ ನಕ್ಕವಳಲ್ಲ. ನಾಳೆ ಮತ್ತೆ ಹೋಗಬೇಕು. ಹೋಗಿ ಏನು ಹೇಳಬೇಕೆಂದು ಮಾತ್ರ ತಿಳಿಯುತ್ತಿಲ್ಲ.