ಬಾಯಿ ಬಿಟ್ಟ ಕರ್ಚಿಕಾಯಿ

ಡಿಸೆಂಬರ್ ಇಪ್ಪತ್ನಾಲ್ಕರ ಬೆಳಗು ನಮ್ಮ ಮನೆಯಲ್ಲಿ ಉಳಿದ ಬೆಳಗುಗಳ ಹಾಗೆಯೇ ಆಗುತ್ತದೆ. ಈ ಸಲವೂ ಐದೂವರೆಗೆ ನಳ ಬಂತು. ಎರಡು ಡ್ರಮ್ಮು, ನಾಲ್ಕು ಕೊಡ ತುಂಬಿದವು. ನಮ್ಮವರು ವಾಕಿಂಗ್ ಮುಗಿಸಿ ಬಂದು, ಪೇಪರು ಬಿಡಿಸಿಕೊಂಡು ಚಹಾಕ್ಕೆ ಕೂತರು. ಮಗಳು ಸ್ನೇಹಾ, ಮಾನ್ವಿಯಲ್ಲಿರುವ ನನ್ನ ತಮ್ಮನ ಮನೆಗೆ ಕೇಕು ಕೊಟ್ಟು ಬರುತ್ತೇನೆಂದು ಎಂಟೂವರೆಯ ಬಸ್ಸಿಗೆ ಹೊರಟಳು. ಅವಳನ್ನು ಕಳಿಸಲು ಬಾಗಿಲಿಗೆ ಬಂದಾಗಲೇ ನಾನು ನೋಡಿದ್ದು: ಹೊಸ್ತಿಲ ಮೇಲೆ ತೂಗುಹಾಕಿದ್ದ ಕಾಗದದ ನಕ್ಷತ್ರದೊಳಗಿನ ಬಲ್ಬು ಆರಿಸಲು ಮರೆತು, ಬಿಸಿಲಲ್ಲೂ ಉರಿಯುತ್ತಿತ್ತು. ಹಗಲಲ್ಲಿ ಉರಿಯುವ ದೀಪ ಕಂಡರೆ ನನಗೆ ಯಾಕೋ ಹಿತವೆನಿಸುವುದಿಲ್ಲ. ಯಾರನ್ನೋ ಹುಡುಕುತ್ತಿದೆ, ಯಾರೆಂದು ಹೇಳುತ್ತಿಲ್ಲ ಅನ್ನಿಸುತ್ತದೆ.

ಇಷ್ಟು ಹೇಳಿದ ಮೇಲೆ ನೀವು ನನ್ನನ್ನು ಪುಕ್ಕಲಿ ಎಂದುಕೊಂಡಿರಬಹುದು. ಒಪ್ಪಿಕೊಳ್ಳುತ್ತೇನೆ. ಆದರೆ ದೆವ್ವಕ್ಕಲ್ಲ, ಕತ್ತಲಿಗಲ್ಲ, ನಾನು ಹೆದರುವುದು ಕರ್ಚಿಕಾಯಿಗೆ.

ಕ್ರಿಸ್‌ಮಸ್ ಅಂದರೆ ಕೇಕು ಎಂದು ಪೇಟೆಯವರು ತಿಳಿದಿದ್ದಾರೆ. ನಮ್ಮ ದೇವದುರ್ಗದ ಮನೆಗೆ ಕೇಕು ಬಂದದ್ದು ನಾನು ಕಾನ್ವೆಂಟಿಗೆ ಹೋಗತೊಡಗಿದ ಮೇಲೆ. ಅದಕ್ಕೂ ಮೊದಲು ಹಬ್ಬವೆಂದರೆ ಕರ್ಚಿಕಾಯಿಯೇ. ಓಣಿಯ ಉಳಿದವರು ದೀಪಾವಳಿಗೆ ಮಾಡುತ್ತಿದ್ದರು, ನಾವು ಎರಡು ತಿಂಗಳು ತಡವಾಗಿ ಮಾಡುತ್ತಿದ್ದೆವು, ವ್ಯತ್ಯಾಸ ಇಷ್ಟೇ. ಅವರ ತಾಟು ಆಗ ನಮ್ಮ ಮನೆಗೆ, ನಮ್ಮ ತಾಟು ಈಗ ಅವರ ಮನೆಗೆ. ಹುರಿಗಡಲೆಯ ಪುಠಾಣಿ ಹಿಟ್ಟು, ಒಣ ಕೊಬ್ಬರಿ, ಗಸಗಸೆ, ಏಲಕ್ಕಿ, ಸಕ್ಕರೆ: ಈ ಹೂರಣಕ್ಕೆ ಯಾವ ಧರ್ಮವೆಂದು ಯಾರೂ ಕೇಳಿದ್ದಿಲ್ಲ. ಮಧ್ಯಾಹ್ನದಿಂದ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಲಟ್ಟಣಿಗೆ ಹಿಡಿದು ಬರುವರು. ಒಬ್ಬರು ಲಟ್ಟಿಸಲು, ಒಬ್ಬರು ತುಂಬಲು, ಇನ್ನೊಬ್ಬರು ಬರೀ ಸೊಸೆಯನ್ನು ಬೈಯಲು. ಆ ಗದ್ದಲದಷ್ಟು ಬೆಚ್ಚಗಿನದು ನನಗೆ ಆಮೇಲೆ ಯಾವ ಹಬ್ಬದಲ್ಲೂ ಸಿಕ್ಕಿಲ್ಲ.

ಆದರೆ ಆ ಗದ್ದಲ ಶುರುವಾಗುವ ಮೊದಲು, ಬೆಳಿಗ್ಗೆ, ನಮ್ಮ ಅಜ್ಜಿ ಮಾರ್ತಮ್ಮನದೊಂದು ಪದ್ಧತಿಯಿತ್ತು. ಮೊದಲ ಸುತ್ತಿನ ಕರ್ಚಿಕಾಯಿ ಮನೆಯವರ ಹೆಸರಿನವು. ಅಂಚು ಮಡಚುತ್ತ ಒಂದೊಂದಕ್ಕೂ ಒಂದು ಹೆಸರು ಹೇಳುವಳು: ಇದು ನಂದು, ಇದು ನಿಮ್ಮಪ್ಪಂದು, ಇದು ನಿಮ್ಮವ್ವಂದು. ವಯಸ್ಸಿನ ಕ್ರಮದಲ್ಲಿ ಒಂದೊಂದನ್ನೇ ಎಣ್ಣೆಗೆ ಬಿಟ್ಟು, ತೆಗೆದು, ತಾಟಿನ ಅಂಚಿಗೆ ಅದೇ ಸಾಲಿನಲ್ಲಿ ಇಡುವಳು. ಕೊನೆಯದು ಯಾವಾಗಲೂ ಪಕ್ಕದ ಮನೆಯ ನೀಲಮ್ಮಕ್ಕನದು. ಹಣೆತುಂಬ ವಿಭೂತಿ, ಬಾಯಿತುಂಬ ನಗು. ನಮ್ಮ ಮನೆಯವರಲ್ಲ ಎಂದು ಅವರನ್ನು ಬಿಡಲು ಅಜ್ಜಿಗೆ ಮನಸ್ಸು ಬರುತ್ತಿರಲಿಲ್ಲ.

ಹೆಸರಿನ ಕರ್ಚಿಕಾಯಿ ಎಣ್ಣೆಯಲ್ಲಿ ಬಾಯಿ ಬಿಟ್ಟರೆ ಏನಾಗುತ್ತದೆಂದು ಅಜ್ಜಿ ಎಂದೂ ಹೇಳಲಿಲ್ಲ. ಒಂದು ವರ್ಷ ಅಜ್ಜನದು ಒಡೆಯಿತು. ಹೂರಣ ಕರ್ರಗೆ ಕರಕಾಗಿ ಎಣ್ಣೆಯ ತುಂಬ ತೇಲಿತು. ಅಜ್ಜಿ ಒಲೆಯಿಂದ ಬಾಣಲೆ ಇಳಿಸಿ, ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ಕೂತಳು. ಮುಂದಿನ ಕ್ರಿಸ್‌ಮಸ್ಸಿಗೆ ತಾಟಿನ ಸಾಲು ಅಜ್ಜಿಯಿಂದ ಶುರುವಾಯಿತು. ಬಾಯಿ ಬಿಟ್ಟವರು ಮುಂದಿನ ವರ್ಷದ ಸಾಲಿನಲ್ಲಿ ಇರುವುದಿಲ್ಲ ಎಂಬ ಲೆಕ್ಕ ನನಗೆ ಮಗ್ಗಿಗಿಂತ ಮೊದಲೇ ಬಂದುಬಿಟ್ಟಿತು.

ಮನುಷ್ಯ ಯಾವುದರಲ್ಲಿ ಶಕುನ ನೋಡಿಲ್ಲ ಹೇಳಿ. ಹಲ್ಲಿ ಲೊಚಗುಟ್ಟಿದರೆ ನೆಲ ಬಡಿಯುತ್ತೇವೆ. ಹೊರಟಾಗ ಯಾರಾದರೂ ಸೀನಿದರೆ ಮತ್ತೆ ಕೂತು ನೀರು ಕುಡಿಯುತ್ತೇವೆ. ಹಿಂದಿನ ಕಾಲದ ರಾಜರು ಯುದ್ಧಕ್ಕೆ ಹೊರಡುವ ಮುನ್ನ ಹಕ್ಕಿ ಯಾವ ಕಡೆ ಹಾರಿತೆಂದು ನೋಡುತ್ತಿದ್ದರಂತೆ. ಚಹಾದ ಗಸಿಯಲ್ಲಿ ಭವಿಷ್ಯ ಓದುವವರೂ ಇದ್ದಾರಂತೆ. ರಾಜರಿಗೆ ಹಕ್ಕಿ, ಅಡುಗೆಮನೆಯವರಿಗೆ ಬಾಣಲೆ. ಇದೆಲ್ಲ ಪಾಪ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಹಾಗೆ ಕಲಿಸಿದ ಅದೇ ಸಿಸ್ಟರ್, ಪರೀಕ್ಷೆಯ ದಿನ ಬೆಕ್ಕು ಅಡ್ಡ ಬಂದರೆ ನಮ್ಮನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆದೊಯ್ಯುತ್ತಿದ್ದರು.

ನನಗೆ ಒಂಬತ್ತು ವರ್ಷವಾಗಿದ್ದಾಗಿನ ಮಾತು. ಅಜ್ಜಿ ತನ್ನದನ್ನು ಕರಿದು ತೆಗೆದು, ಎರಡನೆಯದನ್ನು ಎಣ್ಣೆಗೆ ಬಿಟ್ಟಳು. ಅಷ್ಟರಲ್ಲಿ ಯಾರೋ ಬಾಗಿಲಲ್ಲಿ ಕರೆದರು. ಕರಿದದ್ದನ್ನು ಎತ್ತುವ ಜಾರಿಯನ್ನು ನನ್ನ ಕೈಗಿಟ್ಟು, "ಇದು ನಿಮ್ಮಪ್ಪಂದು, ಕೆಂಪಗಾದ ಮ್ಯಾಲೆ ತೆಗಿಬೇ. ಉಳಿದದ್ದು ಸಾಲಿಲೆ ಬಿಡು," ಎಂದು ಎದ್ದು ಹೋದಳು.

ನಾನು ನೋಡುತ್ತಿದ್ದ ಹಾಗೆಯೇ ಅದು ಬಾಯಿ ಬಿಟ್ಟಿತು. ಸದ್ದು ಕೂಡ ಆಗಲಿಲ್ಲ. ಮೊದಲು ಒಂದು ಕೂದಲಿನಷ್ಟು ಗೆರೆ. ಆಮೇಲೆ ಯಾರೋ ಏನೋ ಹೇಳಲು ಹೊರಟವರ ಹಾಗೆ ನಿಧಾನ ತೆರೆದುಕೊಂಡಿತು. ಹೊರಗೆ ಅಂಗಳದಲ್ಲಿ ಅಪ್ಪ ಸೈಕಲ್ಲು ಒರೆಸುತ್ತ ಸಿಳ್ಳು ಹಾಕುತ್ತಿದ್ದ ಸದ್ದು ಕೇಳುತ್ತಿತ್ತು. ನಾನು ಯೋಚಿಸಲಿಲ್ಲ. ಒಡೆದದ್ದನ್ನು ತೆಗೆದು ತಾಟಿನ ಕೊನೆಯ ಜಾಗದಲ್ಲಿಟ್ಟೆ. ಉಳಿದವನ್ನು ಕರಿದೆ. ನೀಲಮ್ಮಕ್ಕನದು ಹೊಂಬಣ್ಣಕ್ಕೆ ತಿರುಗಿ ದುಂಡಗೆ ಉಬ್ಬಿ ಬಂತು. ಅದನ್ನು ಅಪ್ಪನ ಜಾಗದಲ್ಲಿಟ್ಟೆ.

ಅಜ್ಜಿ ಬಂದು ಸಾಲು ನೋಡಿದಳು. ಕೊನೆಯದರ ಮೇಲೆ ಕಣ್ಣು ನಿಂತಿತು. "ಪಾಪ, ನೀಲಿ," ಅಂದಳು. ಅಷ್ಟೇ.

ನೀಲಮ್ಮಕ್ಕ ಆಷಾಢದಲ್ಲಿ ಹೋದರು. ಎರಡು ದಿನದ ಜ್ವರ. ಅವರ ಮನೆ ಮುಂದೆ ಮಂದಿ ಕೂಡಿದಾಗ ನಾನು ಹಿತ್ತಲಿನ ಬಚ್ಚಲಲ್ಲಿ ಅಡಗಿ ಕೂತಿದ್ದೆ. ನನಗೆ ಆಗಿದ್ದು ದುಃಖವಲ್ಲ, ಸಿಕ್ಕಿಬೀಳುತ್ತೇನೆಂಬ ಭಯ. ವರ್ಷಗಳ ಮೇಲೆ ಒಮ್ಮೆ ಫಾದರ್ ಹತ್ತಿರ ಪಾಪನಿವೇದನೆಯಲ್ಲಿ ಹೇಳಿದೆ. ಅವರು ಜಾಲರಿಯ ಆಚೆ ನಕ್ಕು, ಶಕುನ ನಂಬಬೇಡ ಮಗಳೇ ಎಂದು ಮೂರು ಜಪ ವಿಧಿಸಿ, ಕರ್ಚಿಕಾಯಿ ಯಾರು ಚೆನ್ನಾಗಿ ಮಾಡುತ್ತಾರೆ, ಅಜ್ಜಿಯೋ ಅಮ್ಮನೋ ಎಂದು ಕೇಳಿದರು. ಅಪ್ಪ ಮುಂದೆ ಮೂವತ್ತು ವರ್ಷ ಗಟ್ಟಿಮುಟ್ಟಾಗಿ ಬದುಕಿದ. ಅವನ ಪ್ರತಿ ಹುಟ್ಟುಹಬ್ಬಕ್ಕೂ ಎಲ್ಲರೂ ಚಪ್ಪಾಳೆ ತಟ್ಟುವಾಗ, ಇವನು ಈಗ ಉಣ್ಣುತ್ತಿರುವ ವರ್ಷ ಯಾರದು ಎಂದು ನಾನೊಬ್ಬಳು ಯೋಚಿಸುತ್ತ ನಿಂತಿರುತ್ತಿದ್ದೆ.

ಮದುವೆಯಾಗಿ ರಾಯಚೂರಿಗೆ ಬಂದ ಮೇಲೆ ನಾನು ಹೆಸರಿನ ಕರ್ಚಿಕಾಯಿ ಮಾಡಲೇ ಇಲ್ಲ. ಹತ್ತಾರನ್ನು ಒಟ್ಟಿಗೆ ಎಣ್ಣೆಗೆ ತಳ್ಳಿದರೆ ಯಾವುದು ಯಾರದೆಂದು ಬಾಣಲೆಗೂ ಗೊತ್ತಾಗುವುದಿಲ್ಲ; ಇದು ನನ್ನ ಶೋಧ. ಇಪ್ಪತ್ತೆರಡು ವರ್ಷ ಇದೇ ಜಾಣತನದಲ್ಲಿ ಕಳೆದವು. ಈ ವರ್ಷ ಅಮ್ಮ ನಮ್ಮ ಮನೆಗೆ ಇರಲು ಬಂದಿದ್ದಾಳೆ. ಎಂಬತ್ತರ ಹತ್ತಿರ. ಆ ಬೆಳಿಗ್ಗೆ ಸ್ನೇಹಾ ಹೋದ ಮೇಲೆ, ನಾನು ಹಿಟ್ಟು ನಾದಿ ಮುಗಿಸುವಷ್ಟರಲ್ಲಿ ಮಣೆ ಎಳೆದುಕೊಂಡು ಕೂತು, ಒಂದನ್ನು ತುಂಬಿ, ಅಂಚು ಮಡಚುತ್ತ ಅಂದಳು: "ಇದು ನಂದು."

ನನ್ನ ಕೈ ನಿಂತಿತು. ಅಮ್ಮನದು ನಿಲ್ಲಲಿಲ್ಲ. "ಇದು ಅಳಿಯಂದು. ಇದು ನಿಂದು. ಇದು ಸ್ನೇಹಂದು. ಇದು ಬಾಜೂಮನಿ ಶರಣಮ್ಮಂದು."

"ಅವೆಲ್ಲ ಯಾಕ ಬೇ ಈಗ?" ಅಂದೆ.

"ಯಾಕಂದ್ರ? ಹಬ್ಬ ಅದ."

ಅಮ್ಮನದು ಚೆನ್ನಾಗಿ ಬಂತು. ನಮ್ಮವರದು ಬಂತು. ನನ್ನದೂ ಬಂತು. ಸ್ನೇಹಾಳದನ್ನು ಎಣ್ಣೆಗೆ ಬಿಟ್ಟ ಮೇಲೆ ಒಳಗೆ ಫೋನು ಕೂಗಿತು. ಅಮ್ಮ ಮೊಣಕಾಲಿಗೆ ಕೈ ಊರಿ ಎದ್ದು ಹೋದಳು. ಮತ್ತೆ ಜಾರಿ ನನ್ನ ಕೈಯಲ್ಲಿತ್ತು.

ಮೊದಲು ಕೂದಲಿನಷ್ಟು ಗೆರೆ.

ಎಣ್ಣೆ ಹೆಚ್ಚು ಕಾದಿತ್ತು, ಅಂಚಿಗೆ ಹಾಲು ಸವರಿರಲಿಲ್ಲ, ಹೂರಣ ಹೆಚ್ಚಾಗಿತ್ತು. ಅಡುಗೆ ಗೊತ್ತಿದ್ದವಳಿಗೆ ಇಂಥ ನೂರು ಕಾರಣ ಗೊತ್ತಿರುತ್ತವೆ. ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ನೆನಪಾದದ್ದು ಬಸ್ಸು, ಕಿಟಕಿಯ ಪಕ್ಕ ಕಿವಿಗೆ ವಯರು ಹಾಕಿಕೊಂಡು ಕೂತ ನನ್ನ ಮಗಳು. ತಾಟಿನ ಕೊನೆಯ ಜಾಗ, ಶರಣಮ್ಮನವರದು, ಖಾಲಿ ಇತ್ತು. ಗೋಡೆಯಾಚೆ ಅವರು ಮೊಮ್ಮಗಳನ್ನು ಜಳಕಕ್ಕೆ ಎಬ್ಬಿಸುವ ದನಿ ಕೇಳುತ್ತಿತ್ತು. ನನ್ನ ಕೈ ಆ ಕಡೆ ಹೋಯಿತು ಎಂದು ಬರೆಯಲು ನನಗೆ ನಾಚಿಕೆಯಿಲ್ಲ. ಹೋಗಲಿಲ್ಲ ಎಂದು ಬರೆದರೆ ನಾಚಿಕೆಯಾಗಬೇಕು. ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಆಮೇಲೆ ಒಡೆದದ್ದನ್ನು ನನ್ನ ಜಾಗದಲ್ಲಿಟ್ಟು, ನನ್ನದನ್ನು ಮಗಳ ಜಾಗಕ್ಕೆ ಸರಿಸಿದೆ.

"ಅವತ್ತೂ ಹಿಂಗೇ ಮಾಡಿದ್ದಿ."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ನೀ ನೋಡಿದ್ದಿ?"

"ನೋಡ್ದೆ. ಬಾಗಲ ಸಂದಿಲೆ. ನನಗ ಬಾಯಿ ಇದ್ದಿಲ್ಲೇನು? ಇತ್ತು. ಆದ್ರ ಅಲ್ಲಿದ್ದದ್ದು ನನ್ನ ಗಂಡಂದು." ಅಮ್ಮ ನಿಧಾನ ಬಂದು ಮಣೆಯ ಮೇಲೆ ಕೂತಳು. "ನೀಲಮ್ಮನ ಮಣ್ಣಿಗೆ ಹೋದಾಗ ಅಕಿ ಮಾರಿ ನೋಡಾಕ ಆಗಲಿಲ್ಲ ನನಗ. ನೀ ಸಣ್ಣಾಕಿ, ನಿಂದೇನು."

ನಲವತ್ತು ವರ್ಷ ನಾನು ಒಬ್ಬಳೇ ಹೊತ್ತಿದ್ದೇನೆ ಅಂದುಕೊಂಡ ಗಂಟಿನ ಇನ್ನೊಂದು ತುದಿಯನ್ನು ಅಮ್ಮ ಹಿಡಿದೇ ನಡೆದಿದ್ದಳು. ಅವಳೀಗ ಒಡೆದ ಕರ್ಚಿಕಾಯಿಯನ್ನು ನನ್ನ ಜಾಗದಿಂದ ಎತ್ತಿ ಸಾಲಿನ ಮೊದಲಿಗೆ, ತನ್ನ ಜಾಗಕ್ಕೆ ಇಟ್ಟುಕೊಂಡಳು. ನಾನು ಅದನ್ನು ಎತ್ತಿ ಮತ್ತೆ ನನ್ನ ಜಾಗಕ್ಕಿಟ್ಟೆ. "ಸುಮ್ನಿರಬೇ, ನಂದೇನು ಉಳಿದದ," ಎಂದು ಅವಳು ಮತ್ತೆ ಎಳೆದುಕೊಂಡಳು. ಹೊರಗಿನಿಂದ ನೋಡಿದವರಿಗೆ, ತಾಯಿ ಮಗಳು ಒಂದು ಕರ್ಚಿಕಾಯಿಗೆ ಜಗಳಾಡುತ್ತಿದ್ದಾರೆ, ಎಷ್ಟು ಆಸೆಬುರುಕರು ಅನ್ನಿಸಿರಬೇಕು. ಹಾಗೇ ಅಂದರು ನಮ್ಮವರು, ಎರಡನೇ ಚಹಾ ಕೇಳಲು ಬಂದವರು: "ಇನ್ನೂ ಎರಡು ಸೇರು ಹಿಟ್ಟು ಅದ. ಒಂದಕ್ಯಾಕ ಹೊಡದಾಡಾಕತ್ತೀರಿ?"

ಆ ದಿನ ಉದ್ದವಾಯಿತು. ಗಾಳಿಯಿಲ್ಲದಿದ್ದರೂ ನಕ್ಷತ್ರ ಬಾಗಿಲಲ್ಲಿ ಅರ್ಧ ಸುತ್ತು ತಿರುಗಿ, ಮತ್ತೆ ಅರ್ಧ ಸುತ್ತು ಹಿಂದೆ ಬರುತ್ತಿತ್ತು. ಮಧ್ಯಾಹ್ನ ಸ್ನೇಹಾಳ ಫೋನು ಸ್ವಿಚ್ ಆಫ್. ತಮ್ಮ ಹೇಳಿದ, ಎರಡು ಗಂಟೆಗೇ ಬಸ್ಸು ಹತ್ತಿಸಿದೆ ಎಂದು. ಮೂರೂವರೆಯಾಯಿತು, ನಾಲ್ಕಾಯಿತು. ಅಮ್ಮ ಜಪಮಣಿ ಹಿಡಿದು ಕೂತಳು. ನಾನು ಇನ್ನೂರು ಕರ್ಚಿಕಾಯಿ ಕರಿದೆ; ಒಂದೂ ಬಾಯಿ ಬಿಡಲಿಲ್ಲ. ಅದು ನನಗೆ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ಹೇಳಬೇಕಾದ್ದನ್ನು ಬೆಳಿಗ್ಗೆಯೇ ಹೇಳಿ ಮುಗಿಸಿದವರ ಹಾಗೆ ಬಾಣಲೆ ಗಪ್ಪಗಿತ್ತು.

ಐದಕ್ಕೆ ಸ್ನೇಹಾ ಬಂದಳು. ದಾರಿಯಲ್ಲಿ ಬಸ್ಸಿನ ಟೈರು ಹೋಗಿತ್ತು, ಫೋನಿಗೆ ಚಾರ್ಜ್ ಇರಲಿಲ್ಲ. "ಏನವ್ವಾ, ಯಾರೋ ಸತ್ತಂಗ ಮಾರಿ ಮಾಡ್ಕೊಂಡು ಕುಂತೀರಿ ಇಬ್ರೂ!" ಎಂದು ನಕ್ಕಳು. ಅವಳ ತಲೆ ಸವರಿ ನಾನೂ ನಕ್ಕೆ. ಆದರೆ ಬಾಣಲೆಯ ಮಾತು ಒಂದು ಸಂಜೆಯದಲ್ಲ, ಒಂದು ವರ್ಷದ್ದು ಎಂದು ಅಮ್ಮನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಆ ತಾಟು ಹಾಗೇ ಇತ್ತು. ಒಡೆದದ್ದು ಸಾಲಿನಿಂದ ಹೊರಗೆ, ನಡುವೆ, ಯಾರದೂ ಅಲ್ಲದೆ.

ಸಂಜೆ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡುವವರ ಗುಂಪು ಬರುವ ಮೊದಲು ಶರಣಮ್ಮ ಬಂದರು, ನಾವು ಕಳಿಸಿದ್ದ ತಾಟಿನಲ್ಲಿ ಸಕ್ಕರೆ ಹಾಕಿಕೊಂಡು. ಖಾಲಿ ತಾಟು ಅವರು ಎಂದೂ ಮರಳಿಸಿದವರಲ್ಲ. ನೇರ ಅಡುಗೆಮನೆಗೇ ಬಂದು, ಗುಂಪಿಗೆ ಚಹಾ ಎಷ್ಟು ಇಡಬೇಕೆಂದು ಕೇಳುತ್ತ, ಕಟ್ಟೆಗೆ ಒರಗಿ ನಿಂತು, ಮಾತಿನ ಭರದಲ್ಲಿ ಕೈ ಚಾಚಿ ಆ ಬಾಯಿ ಬಿಟ್ಟದ್ದನ್ನು ಎತ್ತಿಕೊಂಡರು.

"ಅದು ಬ್ಯಾಡ್ರೀ!" ಅಮ್ಮ ಮತ್ತು ನಾನು ಒಟ್ಟಿಗೇ ಕೂಗಿದೆವು.

ಅಷ್ಟರಲ್ಲಿ ಅರ್ಧ ಅವರ ಬಾಯಲ್ಲಿತ್ತು. ಶರಣಮ್ಮ ನಮ್ಮಿಬ್ಬರ ಮುಖ ನೋಡಿದರು. ಆಮೇಲೆ ಉಳಿದರ್ಧವನ್ನೂ ಬಾಯಿಗೆ ಹಾಕಿಕೊಂಡು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂದರು:

"ಇರ್ಲಿ ಬಿಡ್ರಿ, ಅದಕ್ಯಾಕ ಅಷ್ಟು ಗಾಬ್ರಿ? ನಮ್ಮ ಮನ್ಯಾಗ ಒಡದದ್ದೆಲ್ಲ ನಾನೇ ತಿನ್ನಾಕಿ. ಮದುವ್ಯಾಗಿ ಬಂದಾಗಿಂದ ಚೊಲೋದು ಯಾವುದಾರ ನನ್ನ ಪಾಲಿಗೆ ಬಂದಿದ್ರ ಕೇಳ್ರಿ."