ಜಪಾನಿ ಹುಡುಗಿ ಮುಳುಗಲಿಲ್ಲ

ಸ್ವಾತಂತ್ರ್ಯ ಬಂದ ಹೊಸತರಾಗ ಗಜೇಂದ್ರಗಡದ ನಮ್ಮ ಅಂಗಡಿಗೆ ಬಂದ ಜಪಾನಿ ಚಹಾ ಕಪ್ಪು-ಬಸಿ ಪೆಟ್ಟಿಗ್ಯಾಗ ಒಂದು ಚಿತ್ರಕಥಿ ಪುಸ್ತಕ ಸಿಕ್ಕಿತ್ತು. ಅಕ್ಷರ ಒಂದೂ ತಿಳೀಲಿಲ್ಲ. ಆದ್ರ ಅದರಾಗಿನ ದೊಡ್ಡ ಕಣ್ಣಿನ ಹುಡುಗಿ ಮ್ಯಾಲ ನನಗ ಭಾಳ ಜೀವ. ಮೊದಲನೇ ಪುಟದಾಗ ತಾಯಿ ತೊಡಿ ಮ್ಯಾಲಿದ್ದಾಕಿ ಕಡೀ ಪುಟದಾಗ ಸಮುದ್ರದ ಪಾಲಾಗಿದ್ಲು.

ನರೇಗಲ್ ಸಂತಿಗೆ ಹೊಂಟ ಮೋಟಾರಿನ್ಯಾಗ ಮತ್ತ ಅದನ್ನ ನೋಡಿ ಕಣ್ಣು ಒರಸಿಕೊಂಡೆ.

ಬಾಜೂಕ ಕೂತಿದ್ದ ಉರ್ದು ಸಾಲಿ ಮಾಸ್ತರು, "ಯಾಕ್ರಿ, ಏನಾತು?" ಅಂದ್ರು.

"ಹುಡುಗಿ ಮುಳುಗಿ ಹೋದ್ಲರಿ."

ಅವರು ಪುಸ್ತಕ ಇಸಕೊಂಡು ತಿರುವಿ ನಕ್ಕರು. "ಇದನ್ನ ನಮ್ಮ ಉರ್ದು ಹಾಂಗ ಬಲಗಡಿಯಿಂದ ಓದಬೇಕ್ರಿ. ನೋಡ್ರಿ, ಸಮುದ್ರದಾಗ ಹುಡುಗಿ ಅಂಗಿ ನೆಟ್ಟಗೈತಿ, ತಾಯಿ ತೊಡಿ ಮ್ಯಾಲ ಹರದೈತಿ. ಪಾರಾಗಿ ಮನಿಗೆ ಬಂದಾಳ!"

ನನ್ನ ಎದಿ ಹಗುರಾತು. ಈಗ ಯಾರರೆ ದುಃಖದ ಕಥಿ ಹೇಳಿದ್ರ, ಯಾವ ಕಡಿಯಿಂದ ಓದಿದ್ರಿ ಅಂತ ಮೊದಲ ಕೇಳತೇನಿ.