ಅಜ್ಜಿಯ ಎರವಲು ಮೂಗು

ತೈಯುವಾನ್ ಊರಿನ ಹಳೆಯ ವಸತಿ ಕಟ್ಟಡಗಳಲ್ಲಿ ಮೇಲಿನ ಮನೆಯ ಗುಟ್ಟು ಕೆಳಗಿನ ಮನೆಗೆ ಸೂರಿನ ಮೂಲಕ ಇಳಿಯುತ್ತದೆ. ಐದನೆಯ ಮಹಡಿಯ ಹೌ ಗಾಯ್‌ಲಿಯೆನ್ ಅಜ್ಜಿ ಇವತ್ತು ಏನು ಅಡುಗೆ ಮಾಡುತ್ತಾರೆ ಎಂಬುದು ನಾಲ್ಕನೆಯ ಮಹಡಿಯ ನಮಗೆ ಬೆಳಿಗ್ಗೆ ಹತ್ತಕ್ಕೇ ತಿಳಿಯುತ್ತಿತ್ತು. ಧಬ್ ಧಬ್ ಎಂದರೆ ಹಬೆಯಲ್ಲಿ ಬೇಯಿಸುವ ಬನ್ನು. ಚಟ್ ಚಟ್ ಎಂದರೆ ಚಾಕುವಿನಲ್ಲಿ ಕತ್ತರಿಸಿದ ಶಾವಿಗೆ. ಏನೂ ಸದ್ದಿಲ್ಲವೆಂದರೆ ಒಂದೋ ಅಜ್ಜಿಗೆ ಮೈ ಸರಿಯಿಲ್ಲ, ಇಲ್ಲವೇ ಸೊಸೆಯ ಮೇಲೆ ಮನಸ್ಸು ಸರಿಯಿಲ್ಲ.

‘ಗಾಯ್’ ಎಂದರೆ ‘ಬದಲಾಗಲಿ’ ಎಂದರ್ಥ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದೂ ಹೆಣ್ಣಾದಾಗ, ಮುಂದಿನದಾದರೂ ಗಂಡಾಗಲಿ ಎಂದು ಅಪ್ಪ ಇಟ್ಟ ಹೆಸರು. ಐದನೆಯದೂ ಹೆಣ್ಣೇ ಆಯಿತು. “ನಮ್ಮಪ್ಪ ಹೆಸರಲ್ಲಿ ಬದಲಾವಣೆ ಇಟ್ರು, ಹಣೆಬರಹ ಬದಲಾಯಿಸೋಕೆ ಮರೆತ್ರು” ಎಂದು ಅಜ್ಜಿ ಈಗಲೂ ನಗುತ್ತಾರೆ.

ಕಲ್ಲಿದ್ದಲ ಗಣಿಯೊಂದರ ಕ್ಯಾಂಟೀನಿನಲ್ಲಿ ಇಪ್ಪತ್ತೆಂಟು ವರ್ಷ ಹಿಟ್ಟು ನಾದಿದವರು ಅವರು. ದಿನಕ್ಕೆ ಎರಡು ಮೂಟೆ. ಹಿಂದಿನ ದಿನ ಉಳಿಸಿಟ್ಟ ಹಿಟ್ಟಿನ ಮುದ್ದೆಯೇ ಮರುದಿನದ ಹಿಟ್ಟಿಗೆ ಹೆಪ್ಪು. ರಾತ್ರಿಯೆಲ್ಲ ಉಬ್ಬಿ ಹುಳಿಯೇರಿದ ಆ ಹಿಟ್ಟಿಗೆ ಬೆಳಿಗ್ಗೆ ಅಡುಗೆ ಸೋಡಾ ಕರಗಿಸಿದ ನೀರು ಸೇರಿಸಿ ಹುಳಿ ಮುರಿಯಬೇಕು. ಸೋಡಾ ಕಡಿಮೆಯಾದರೆ ಬನ್ನು ಹುಳಿ ಹುಳಿ. ಹೆಚ್ಚಾದರೆ ಹಳದಿ, ಬಾಯಿಗಿಟ್ಟರೆ ಬಟ್ಟೆ ಸೋಪು. ಹುಳಿ ಹವೆಗೆ ತಕ್ಕ ಹಾಗೆ ಏರಿಳಿಯುವುದರಿಂದ ಇದಕ್ಕೆ ಅಳತೆ ಎಂಬುದಿಲ್ಲ. ಉಳಿದ ಅಡುಗೆಯವರೆಲ್ಲ ಮೊದಲು ಒಂದು ಚೂರು ಹಿಟ್ಟು ಬೇಯಿಸಿ ನೋಡುತ್ತಿದ್ದರು. ಗಾಯ್‌ಲಿಯೆನ್ ಮಾತ್ರ ಹಿಟ್ಟನ್ನು ಹರಿದು, ಮೂಗಿನ ಹತ್ತಿರ ಹಿಡಿದು, “ಇನ್ನು ಅರ್ಧ ಚಮಚ” ಎಂದರೆ ಅರ್ಧ ಚಮಚವೇ. ಗಣಿಯವರು ಅವರನ್ನು ‘ಮೂಗಕ್ಕ’ ಎಂದೇ ಕರೆದರು. “ಚೂರು ಬೇಯಿಸಿ ನೋಡೋದು ಮೂಗಿಲ್ದೋರ ಕೆಲಸ” ಎಂಬುದು ಮೂಗಕ್ಕ ಬೀಗುವ ಮಾತು.

ಕಳೆದ ಚಳಿಗಾಲದಲ್ಲಿ ಹತ್ತು ದಿನ ಜ್ವರ ಬಂತು. ಜ್ವರ ಬಿಟ್ಟು ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಬೆಳ್ಳುಳ್ಳಿ ಜಜ್ಜಿದರೂ ವಾಸನೆಯಿಲ್ಲ, ಎಣ್ಣೆ ಹೊಗೆಯಾಡಿದರೂ ಇಲ್ಲ. ಅಜ್ಜಿ ಯಾರಿಗೂ ಹೇಳಲಿಲ್ಲ. ಮೂಗು ಹೋದದ್ದಕ್ಕೆ ಬಾಯಿಯೂ ಮೂಗಾಯಿತು.

ಆದರೆ ಅಡುಗೆಮನೆ ಸುಮ್ಮನಿರುತ್ತದೆಯೇ? ಫೆಬ್ರುವರಿಯ ಒಂದು ಮಧ್ಯಾಹ್ನ ಅಜ್ಜಿ ಪಕ್ಕದಲ್ಲೇ ಕೂತು ಬೀನ್ಸ್ ಬಿಡಿಸುತ್ತಿದ್ದಂತೆ ಗ್ಯಾಸ್ ಮೇಲಿನ ನವಣೆ ಗಂಜಿ ಸುಟ್ಟು ಕರಕಲಾಯಿತು. ನಮ್ಮ ಮನೆವರೆಗೆ ವಾಸನೆ ಬಂತು, ಅಜ್ಜಿಗೆ ಬರಲಿಲ್ಲ. ಸೊಸೆ ರುಯ್‌ಫಾಂಗ್ ಬಾಗಿಲು ತೆರೆದಾಗ ಮನೆ ತುಂಬ ಹೊಗೆ.

“ಅಮ್ಮಾ, ಇಷ್ಟು ಹೊಗೆ! ಗೊತ್ತಾಗ್ಲಿಲ್ವಾ?”

“ಟೀವೀಲಿ ನಾಟಕ ಬರ್ತಿತ್ತಮ್ಮ. ರಾಣಿ ಅಳ್ತಿದ್ಲು, ನಾನೂ ಅಳ್ತಿದ್ದೆ.”

ರುಯ್‌ಫಾಂಗ್ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಉಪ್ಪನ್ನೂ ತೂಗಿ ಹಾಕುವ ಜೀವ. ಕೆಟ್ಟವಳಲ್ಲ, ಕಟ್ಟುನಿಟ್ಟಿನವಳು. ಪಾತ್ರೆ ಉಜ್ಜಿಟ್ಟು ಸಮಾಧಾನವಾಗಿಯೇ ಹೇಳಿದಳು: “ಇನ್ನೊಂದ್ಸಲ ಹೀಗಾದ್ರೆ ಗ್ಯಾಸ್ ಬಂದ್ ಮಾಡಿಸ್ತೀನಿ. ಕೆಳಗಡೆ ಕ್ಯಾಂಟೀನಿಂದ ಊಟ ತರ್ಸೋಣ. ನೀವು ವಿಶ್ರಾಂತಿ ತಗೊಳ್ಳಿ.”

ಇಪ್ಪತ್ತೆಂಟು ವರ್ಷ ಗಣಿಯ ಪಕ್ಕದಲ್ಲಿದ್ದೂ ಹೆದರದ ಹೆಂಗಸು ‘ವಿಶ್ರಾಂತಿ’ ಎಂಬ ಪದಕ್ಕೆ ಹೆದರಿದರು. ಮಗನ ಮನೆಯಲ್ಲಿ ಅವರದೆಂದು ಇದ್ದದ್ದು ಆ ಆರಡಿ ಅಡುಗೆಮನೆ ಮತ್ತು ಹಳ್ಳಿಯಿಂದ ತಂದ ಹೆಪ್ಪಿನ ಮಡಕೆ. ಅದೂ ಹೋದರೆ ಸೋಫಾದ ಒಂದು ಮೂಲೆ.

ಆಗ ಹುಟ್ಟಿದ್ದೇ ಮೂಗಿನ ಆಟ.

ಮೊಮ್ಮಗಳು ನಿಂಗ್‌ನಿಂಗ್‌ಗೆ ಒಂಬತ್ತು, ಮೊಮ್ಮಗ ಕೈಕೈಗೆ ಐದು. ಹೆಸರೇ ಕೈಕೈ, ಎಲ್ಲದರಲ್ಲೂ ಅವನದು ಒಂದು ಕೈ, ಕೆಲವೊಮ್ಮೆ ಎರಡೂ. ಶನಿವಾರ ಅಜ್ಜಿ ಇಬ್ಬರನ್ನೂ ಅಡುಗೆಕಟ್ಟೆಯ ಮುಂದೆ ಸ್ಟೂಲಿನ ಮೇಲೆ ನಿಲ್ಲಿಸಿದರು.

“ಹಿಟ್ಟು ಮಾತಾಡುತ್ತೆ. ಮೂಸಿ ಹೇಳಿ, ಏನಂತಿದೆ?”

ಕೈಕೈ ಮೂಸುವ ರಭಸಕ್ಕೆ ಮೂಗಿನ ತುದಿಗೆ ಹಿಟ್ಟು ಮೆತ್ತಿತು. “ಥೂ! ಅಪ್ಪನ ಸಾಕ್ಸ್!”

ಅವನ ಅಪ್ಪ ಬಸ್ ಡ್ರೈವರ್. ದಿನವಿಡೀ ಬೂಟಿನೊಳಗಿರುವ ಕಾಲು.

“ಹಾಗಾದ್ರೆ ಹುಳಿ ಜಾಸ್ತಿ ಇದೆ. ಒಂದು ಚಮಚ ಸೋಡಾ ನೀರು ಹಾಕು, ನಾದು. ಈಗ?”

“ಈಗ... ಅಪ್ಪ ಸ್ನಾನ ಮಾಡಿದ್ಮೇಲಿನ ಸಾಕ್ಸ್.”

“ಇನ್ನರ್ಧ ಹಾಕು. ಈಗ?”

ನಿಂಗ್‌ನಿಂಗ್ ಕಣ್ಣು ಮುಚ್ಚಿ ಮೂಸಿದಳು. “ಈಗ ದಿಂಬು, ಅಜ್ಜಿ. ಬಿಸಿಲಿಗೆ ಹಾಕಿದ ದಿಂಬು.”

ದಿಂಬು ಎಂದರೆ ಸರಿ, ಸಾಕ್ಸ್ ಎಂದರೆ ಹುಳಿ, ಸೋಪು ಎಂದರೆ ಸೋಡಾ ಹೆಚ್ಚಾಯಿತು. ಹೀಗೆ ಆ ಮನೆಯಲ್ಲಿ ಹೊಸ ಮಾಪನ ಪದ್ಧತಿ ಜಾರಿಗೆ ಬಂತು. ನಿಂಗ್‌ನಿಂಗ್ ಅದನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯತೊಡಗಿದಳು: ಎಷ್ಟು ಬಟ್ಟಲು ಹಿಟ್ಟು, ಹೊರಗೆ ಚಳಿಯೋ ಸೆಖೆಯೋ, ಎಷ್ಟು ಚಮಚಕ್ಕೆ ಸಾಕ್ಸ್ ದಿಂಬಾಯಿತು. ಶಾಲೆಯ ಭಾಗಾಕಾರಕ್ಕೆ ಆಕಳಿಸುತ್ತಿದ್ದವಳು ಇಲ್ಲಿ ಒಂದೂವರೆ ಚಮಚವನ್ನು ಎರಡು ಬಟ್ಟಲಿಗೆ ಹಂಚಿ ಲೆಕ್ಕ ಹಾಕಿದಳು. ಕೈಕೈಗೆ ಲೆಕ್ಕ ಬೇಡ, ಗುದ್ದುವುದು ಸಾಕು. ಹಿಟ್ಟನ್ನು ಗುದ್ದಿದರೆ ಬೈಸಿಕೊಳ್ಳದೆ ಶಹಬ್ಬಾಸ್ ಸಿಗುವ ಮನೆ ಯಾವ ಹುಡುಗನಿಗೆ ಬೇಡ? ಮಾರ್ಚ್ ಪೂರ್ತಿ ನಮ್ಮ ಸೂರಿನ ಮೇಲೆ ಒಂದು ದೊಡ್ಡ ಧಬ್, ಹಿಂದೆಯೇ ಎರಡು ಪುಟ್ಟ ಧಬ್. ಬನ್ನುಗಳು ಮೊದಲಿನಷ್ಟೇ ಬೆಳ್ಳಗೆ ಬಂದವು. ರುಯ್‌ಫಾಂಗ್ ಎರಡೆರಡು ತಿಂದಳು, ಏನೂ ಅನುಮಾನಿಸಲಿಲ್ಲ.

ಅಷ್ಟರಲ್ಲಿ ಹಿಟ್ಟಿನ ಹಕ್ಕಿಯ ಹಬ್ಬ ಬಂತು. ವಸಂತದಲ್ಲಿ, ಒಲೆ ಹಚ್ಚದೆ ತಂಗಳು ಉಣ್ಣುವ ದಿನಕ್ಕೆ ಮುಂಚೆ, ಕವಲುಬಾಲದ ಪುಟ್ಟ ಹಕ್ಕಿಗಳನ್ನು ಹಿಟ್ಟಿನಲ್ಲಿ ಮಾಡಿ, ಬೇಯಿಸಿ, ಮುಳ್ಳುಕಡ್ಡಿಗೆ ಸಿಕ್ಕಿಸಿ ಮನೆಯಲ್ಲಿ ತೂಗುಹಾಕುವುದು ನಮ್ಮ ಕಡೆಯ ರೂಢಿ. ಗಾಯ್‌ಲಿಯೆನ್ ಅಜ್ಜಿ ಪ್ರತಿವರ್ಷ ಕಟ್ಟಡದ ಹತ್ತೂ ಮನೆಗೆ ಒಂದೊಂದು ಹಕ್ಕಿ ಹಂಚುತ್ತಿದ್ದರು. ಈ ಸಲ ಹಕ್ಕಿ ಕೆಟ್ಟರೆ ಹತ್ತು ಬಾಗಿಲಿಗೆ ಸುದ್ದಿ, ಸುದ್ದಿಯ ಹಿಂದೆ ವಿಶ್ರಾಂತಿ. ಅಜ್ಜಿಗೆ ಅದು ಹಕ್ಕಿಯ ಪ್ರಶ್ನೆಯಷ್ಟೇ ಅಲ್ಲ, ಹಕ್ಕಿನ ಪ್ರಶ್ನೆ.

ಆ ಶನಿವಾರ ರುಯ್‌ಫಾಂಗ್ ಅಂಗಡಿಗೆ, ಗಂಡ ಬಸ್ಸಿಗೆ ಹೋದ ಮೇಲೆ ಅಜ್ಜಿ ಉಬ್ಬಿದ ಹಿಟ್ಟಿನ ಬೋಗುಣಿ ಇಳಿಸಿದರು. ನಿಂಗ್‌ನಿಂಗ್ ಬಂದು ನಿಂತಳು. ಕಣ್ಣು ಕೆಂಪು, ಮೂಗು ಕಟ್ಟಿತ್ತು.

“ಅಜ್ಜಿ, ಡೆಗಡಿ ಆಗಿದೆ. ಏಡೂ ವಾಸಡೆ ಬರ್ತಿಲ್ಲ.”

ಚೂರು ಬೇಯಿಸಿ ನೋಡಬಹುದಿತ್ತು. ಆದರೆ ಜೀವಮಾನವೆಲ್ಲ ಆಡಿಕೊಂಡ ಕೆಲಸವನ್ನು ಮಕ್ಕಳ ಮುಂದೆ ಮಾಡುವುದೆಂತು? ಸಂಜೆ ಅಮ್ಮನ ಮುಂದೆ ಇವರು ಒದರಿದರೆ?

“ಪರವಾಗಿಲ್ಲ, ಇವತ್ತು ಕೈಕೈ ಸಾಹೇಬ್ರು ಮೂಸ್ತಾರೆ.”

ಸಾಹೇಬರು ಕಿಟಕಿ ಕೆಳಗಿನ ಹೀಟರಿನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ಹತ್ತಿ ನಿಂತು, ಮೂಸಿದರು. “ಸಾಕ್ಸ್!”

ಒಂದು ಚಮಚ ಬಿತ್ತು. “ಈಗ?”

“ಸಾಕ್ಸ್!”

ಇನ್ನೊಂದು. “ಈಗ್ಲೂ?”

“ಈಗ್ಲೂ ಸಾಕ್ಸೇ ಅಜ್ಜಿ, ಜೋರಾಗಿದೆ.” ಮತ್ತೆ ಎರಡು ಚಮಚ ಬಿದ್ದವು.

ನಿಂಗ್‌ನಿಂಗ್ ನೋಟ್‌ಬುಕ್ ತಿರುವಿದಳು. “ಅಜ್ಜಿ, ಡಾಲ್ಕು ಚಮಚ ಆಯ್ತು. ಯಾವತ್ತೂ ಎರಡು ದಾಟಿಲ್ಲ.”

“ಪುಸ್ತಕಕ್ಕೆ ಮೂಗಿದೆಯಾ? ನಾದು, ನಾದು.”

ಆಮೇಲೆ ಹಕ್ಕಿಗಳು ಹುಟ್ಟಿದವು. ಹಿಟ್ಟಿನ ತುಂಡು ಹೊಸೆದು, ಚಿವುಟಿ ಕೊಕ್ಕು ಮಾಡಿ, ಕತ್ತರಿಯಿಂದ ಬಾಲ ಸೀಳಿ, ಹೊಸ ಬಾಚಣಿಗೆ ಒತ್ತಿ ರೆಕ್ಕೆಗೆ ಗರಿ ಬರೆದು, ಕಪ್ಪು ಕಾಳಿನ ಕಣ್ಣಿಟ್ಟರು. ಕೈಕೈ ತನ್ನ ಹಕ್ಕಿಗೆ ಮೂರು ಕಣ್ಣಿಟ್ಟ.

“ಹಕ್ಕಿಗೆ ಎರಡೇ ಕಣ್ಣು ಕಣೋ ಮಂಕೇ” ಎಂದಳು ಅಕ್ಕ.

“ಹಿಂದ್ಗಡೆಯಿಂದ ಬೆಕ್ಕು ಬಂದ್ರೆ?”

ಅಜ್ಜಿ ಆ ವಾದ ಒಪ್ಪಿದರು. ಇಪ್ಪತ್ತು ನಿಮಿಷ ಹಬೆ. ಮುಚ್ಚಳ ತೆಗೆದರೆ ಹದಿನಾರು ಹಕ್ಕಿಗಳೂ ಕಾಮಾಲೆ ಬಂದವರ ಹಾಗೆ ಹಳದಿ.

ಒದ್ದೆ ಕೈ ಒಣಗಿಸಲು ಹೀಟರಿನತ್ತ ಹೋದ ನಿಂಗ್‌ನಿಂಗ್ ಅಲ್ಲಿಂದ ಏನನ್ನೋ ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಅಪ್ಪನ ಸಾಕ್ಸ್. ಹಿಂದಿನ ರಾತ್ರಿ ಬಿಚ್ಚಿ ಬಿಸಾಡಿದ ಜೋಡಿ, ಸರಿಯಾಗಿ ಕೈಕೈಯ ಸ್ಟೂಲಿನ ಪಕ್ಕ.

“ನಾನು ಹೇಳಿದ್ನಲ್ಲ!” ಎಂದ ಕೈಕೈ, ಗೆದ್ದವನಂತೆ.

ಅಜ್ಜಿಗೆ ನಗು ಬಂತು. ನಗುನಗುತ್ತಲೇ ಸ್ಟೂಲಿನ ಮೇಲೆ ಕುಸಿದು, ಮುಂಗೈಯಿಂದ ಕಣ್ಣೊರೆಸಿಕೊಂಡರು.

“ಅಜ್ಜಿ, ಡೀವೇ ಯಾಕೆ ಮೂಸ್ಲಿಲ್ಲ?” ನಿಂಗ್‌ನಿಂಗ್ ಮೆಲ್ಲಗೆ ಕೇಳಿದಳು.

“ನಂಗೆ ಮೂಗಿಲ್ಲ ಪುಟ್ಟಿ. ಜ್ವರ ಬಂತಲ್ಲ, ಆವತ್ತಿಂದ.”

ಕೈಕೈ ಬಂದು ಅಜ್ಜಿಯ ಮೂಗು ಹಿಡಿದು ಅಲ್ಲಾಡಿಸಿ ನೋಡಿದ. “ಇದೆಯಲ್ಲ!”

“ಇದೆ ಕಣಪ್ಪ, ರಜೆ ಹಾಕಿದೆ. ಅಮ್ಮಂಗೆ ಗೊತ್ತಾದ್ರೆ ನಂಗೂ ರಜೆ.”

ನಿಂಗ್‌ನಿಂಗ್ ಹಳದಿ ಹಕ್ಕಿಗಳನ್ನೇ ನೋಡುತ್ತ ನಿಂತಿದ್ದಳು. “ಹುಳಿ ಜಾಸ್ತಿಯಾದ್ರೆ ಸೋಡಾ ಹಾಕ್ತೀವಿ. ಸೋಡಾ ಜಾಸ್ತಿಯಾದ್ರೆ ಹುಳಿ ಹಾಕ್ಬಾರ್ದಾ?”

ಅಜ್ಜಿ ತಲೆ ಎತ್ತಿದರು. ಕ್ಯಾಂಟೀನಿನಲ್ಲಿ ಕಲಿಯುವ ಹುಡುಗಿಯರು ಕೆಡಿಸಿದ ಬನ್ನುಗಳಿಗೆ ಅವರೇ ಎಷ್ಟೋ ಸಲ ಮಾಡಿಸಿದ ಉಪಾಯ ಅದು. ನಾಚಿಕೆಯಲ್ಲಿ ಮರೆತೇ ಹೋಗಿತ್ತು. ಎದ್ದು ಹಬೆಪಾತ್ರೆಯ ಅಡಿಯ ನೀರಿಗೆ ವಿನೆಗರ್ ಬಾಟಲಿ ಬಗ್ಗಿಸಿದರು. ನಮ್ಮೂರಲ್ಲಿ ನೀರಿಲ್ಲದ ಮನೆ ಇದ್ದೀತು, ವಿನೆಗರ್ ಇಲ್ಲದ ಮನೆ ಇಲ್ಲ. ಮತ್ತೆ ಮುಚ್ಚಳ, ಮತ್ತೆ ಹಬೆ, ಹತ್ತು ನಿಮಿಷ. ನಿಂಗ್‌ನಿಂಗ್ ಗಡಿಯಾರ ನೋಡಿದಳು, ಕೈಕೈ ತಪ್ಪು ತಪ್ಪಾಗಿ ಎಣಿಸಿದ. ಮುಚ್ಚಳ ತೆಗೆದಾಗ ಹಳದಿ ಬಹುಪಾಲು ಇಳಿದಿತ್ತು. ಹಾಲಿನ ಬಿಳಿಯಲ್ಲ, ಕೆನೆಯ ಬಿಳಿ.

“ಜಾದೂ!” ಎಂದು ಕೈಕೈ ಕುಣಿದ.

“ಜಾದೂ ಅಲ್ಲ ಕಣೋ, ಎರಡೂ ಜಗಳ ಆಡಿ ಸುಮ್ಮಡಾದ್ವು” ಎನ್ನುತ್ತ ನಿಂಗ್‌ನಿಂಗ್ ನೋಟ್‌ಬುಕ್ಕಿನಲ್ಲಿ ಹೊಸ ಗೆರೆ ಎಳೆದಳು.

ಆರು ಗಂಟೆಗೆ ರುಯ್‌ಫಾಂಗ್ ಬಂದಳು. ಮುಳ್ಳುಕಡ್ಡಿಯ ಮೇಲೆ ಸಾಲಾಗಿ ಕೂತ ಹಕ್ಕಿಗಳನ್ನು ನೋಡಿ ಚೀಲ ಇಡುವುದನ್ನೇ ಮರೆತಳು. ಒಂದನ್ನು ಮುರಿದು ಬಾಯಿಗಿಟ್ಟಳು.

“ಎಷ್ಟು ಚೆನ್ನಾಗಿದೆ! ಅಮ್ಮಾ, ಆವತ್ತು ಗ್ಯಾಸ್ ಬಂದ್ ಅಂದಿದ್ದು ಮರೆತ್ಬಿಡಿ. ಅಡುಗೆಮನೆ ನಿಮ್ದೇ.”

ಇಷ್ಟಕ್ಕೇ ಅಲ್ಲವೇ ಅಜ್ಜಿ ಒಂದು ತಿಂಗಳು ಒದ್ದಾಡಿದ್ದು? ಮಕ್ಕಳತ್ತ ತಿರುಗಿದರು. ನಿಂಗ್‌ನಿಂಗ್ ನೆಲ ನೋಡುತ್ತಿದ್ದಳು. ಕೈಕೈ ಎರಡೂ ಕೈಗಳಿಂದ ಬಾಯಿ ಒತ್ತಿ ಹಿಡಿದುಕೊಂಡಿದ್ದ, ಮುಖ ಕೆಂಪಗೆ ಊದಿತ್ತು. ಆ ಎರಡು ಪುಟ್ಟ ಜೀವಗಳ ಪಕ್ಕದಲ್ಲೇ ಗ್ಯಾಸ್ ಒಲೆ.

“ಬಾಯಿ ಬಿಡೋ ಕೈಕೈ, ಉಸಿರು ಕಟ್ಟೀತು. ನಾನೇ ಹೇಳ್ತೀನಿ” ಎಂದರು ಅಜ್ಜಿ. “ರುಯ್‌ಫಾಂಗ್, ನಂಗೆ ವಾಸನೆ ಗೊತ್ತಾಗಲ್ಲ. ಗಂಜಿ ಸುಟ್ಟಿದ್ದು ರಾಣಿ ಅತ್ತಿದ್ದಕ್ಕಲ್ಲ. ಈ ಬನ್ನು, ಈ ಹಕ್ಕಿ ಎಲ್ಲಾ ಮಕ್ಕಳ ಮೂಗಿಂದ ಆಗಿದ್ದು.”

ರುಯ್‌ಫಾಂಗ್ ಮೊದಲು ಮಾಡಿದ್ದು ಗ್ಯಾಸಿನ ಕೊಳವೆಯ ನಲ್ಲಿ ತಿರುಗಿಸಿ ಬಂದ್ ಮಾಡುವ ಕೆಲಸ. “ಮಕ್ಕಳನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು! ಗ್ಯಾಸ್ ಸೋರಿದ್ರೆ ಏನಮ್ಮಾ ಗತಿ? ನಾನು ಔಷಧಿ ಅಂಗಡೀಲಿದ್ದೀನಿ, ನಂಗೊಂದು ಮಾತು ಹೇಳೋಕಾಗ್ಲಿಲ್ವಾ?” ಆಮೇಲಿನ ಮಾತುಗಳು ಸೂರಿನ ಮೂಲಕ ನಮಗೂ ಕೇಳಿದವು. ಬರೆಯುವಂಥವಲ್ಲ. ಎರಡು ದಿನ ನಮ್ಮ ಸೂರು ಸದ್ದಿಲ್ಲದೆ ಬಿದ್ದುಕೊಂಡಿತ್ತು.

ಮೂರನೆಯ ದಿನ ಸೊಸೆ ಅತ್ತೆಯನ್ನು ಮೂಗಿನ ಡಾಕ್ಟರಿಗೆ ತೋರಿಸಿ ಕರೆತಂದಳು. ವಾಸನೆ ಮರಳಿ ಬರಬಹುದು, ಬರದೆಯೂ ಇರಬಹುದು ಎಂದರಂತೆ ಡಾಕ್ಟರು. ಬರುವಾಗ ಗ್ಯಾಸ್ ಸೋರಿದರೆ ಕಿರುಚುವ ಡಬ್ಬಿಯೊಂದನ್ನು ಕೊಂಡು ಗೋಡೆಗೆ ಹಾಕಿಸಿದಳು. ಅದರ ಕೆಳಗೆ ಔಷಧಿ ಚೀಟಿಯ ಅಕ್ಷರದಲ್ಲಿ ಒಂದು ನಿಯಮ ಅಂಟಿಸಿದಳು: ಕೆಲಸ ಮಾಡುವ ಮೂಗೊಂದು ಮನೆಯಲ್ಲಿ ಇಲ್ಲದಾಗ ಒಲೆ ಹಚ್ಚಕೂಡದು.

ಅಂದರೆ ಬೆಳಗಿನ ಹೊತ್ತು ಒಲೆ ಇಲ್ಲ, ಮಧ್ಯಾಹ್ನಕ್ಕೆ ಕರೆಂಟಿನ ಕುಕ್ಕರಿನ ಗಂಜಿ. ಅಜ್ಜಿ ಗೊಣಗಿದರು, ಒಪ್ಪಿದರು. ಈಗ ನಮ್ಮ ಸೂರಿನ ಧಬ್ ಧಬ್ ಹತ್ತು ಗಂಟೆಗಲ್ಲ, ಮಕ್ಕಳು ಶಾಲೆಯಿಂದ ಬಂದ ಮೇಲೆ ಸಂಜೆ ಐದಕ್ಕೆ.

ಮೊನ್ನೆ ಭಾನುವಾರ ಬಟ್ಟಲೊಂದನ್ನು ಹಿಂದಿರುಗಿಸಲು ಮೇಲೆ ಹೋಗಿದ್ದೆ. ಅಡುಗೆಕಟ್ಟೆಯ ಮುಂದೆ ರುಯ್‌ಫಾಂಗ್ ಅಂಗಿಯ ತೋಳು ಮೇಲೆ ಮಡಚಿ ಹಿಟ್ಟು ನಾದುತ್ತಿದ್ದಳು. ಪಕ್ಕದಲ್ಲಿ ಅಜ್ಜಿ ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತಿದ್ದರು. ನಿಂಗ್‌ನಿಂಗ್ ಕೈಯಲ್ಲಿ ನೋಟ್‌ಬುಕ್. ಕೈಕೈ ಹೀಟರಿನ ಹಿಂದೆ ಬಗ್ಗಿ ಸಾಕ್ಸ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದ.

ರುಯ್‌ಫಾಂಗ್ ಹಿಟ್ಟು ಹರಿದು ಮೂಸಿದಳು. “ಅಮ್ಮಾ, ಸ್ವಲ್ಪ ಹುಳಿ ಇದೆ. ಎಷ್ಟು ಗ್ರಾಂ ಸೋಡಾ ಹಾಕ್ಲಿ?”

“ಗ್ರಾಮು ಗೀಮು ನಂಗೊತ್ತಿಲ್ಲಮ್ಮ” ಎಂದರು ಮೂಗಕ್ಕ. “ಸರಿಯಾಗಿ ಮೂಸಿ ಹೇಳು. ನಿನ್ನ ಗಂಡನ ಸಾಕ್ಸು ಸ್ನಾನಕ್ಕೆ ಮುಂಚೆಯದೋ, ಆಮೇಲಿಂದೋ?”